ಕಂಠಪ್ಪನ ಬನ್ನೂರು ಟಗರು

ಸರಗೂರಿನ ಜವಳಿ ಅಂಗಡಿ ಕಂಠಪ್ಪನವರಿಗೆ ಗೊತ್ತಿಲ್ಲದ ಸಂಗತಿ ಈ ಭೂಮಂಡಲದಲ್ಲಿ ಒಂದೇ ಒಂದಿತ್ತು: ಬಾಯಿ ಯಾವಾಗ ಮುಚ್ಚಬೇಕು ಎಂಬುದು. ಮಿಕ್ಕಿದ್ದೆಲ್ಲ ಗೊತ್ತಿತ್ತು. ಸಮುದ್ರ ಕಂಡವರಲ್ಲ, ಆದರೂ ಹಡಗು ಮುಳುಗದಂತೆ ನಡೆಸುವುದು ಹೇಗೆಂದು ಕಪಿಲಾ ನದಿಯ ಅಂಬಿಗನಿಗೆ ಪಾಠ ಹೇಳಿದ್ದರು. ಕೊಡಗಿನ ಕಾಫಿ ತೋಟದವನೊಬ್ಬ ಪಂಚೆ ಕೊಳ್ಳಲು ಬಂದಾಗ ಅವನು ಕಾಫಿ ಗಿಡ ಕತ್ತರಿಸುವ ಕ್ರಮವೇ ತಪ್ಪೆಂದು ಸಾಧಿಸಿ ತೋರಿಸಿದ್ದರು. ಆ ಮನುಷ್ಯ ಪಂಚೆಯನ್ನು ಅಂಗಡಿಯಲ್ಲೇ ಬಿಟ್ಟು ಮಡಿಕೇರಿ ಸೇರಿದ. ಅವರು ಮಾತಿಗೆ ನಿಂತರೆ ಹೊರಟ ಬಸ್ಸು ಕೂಡ ಇಂಜಿನ್ ಆರಿಸಿ ನಿಲ್ಲುತ್ತದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಇದು ಉತ್ಪ್ರೇಕ್ಷೆ. ಬಸ್ಸು ನಿಲ್ಲುತ್ತಿದ್ದುದು ನಿಜ, ಇಂಜಿನ್ ಆರಿಸುತ್ತಿರಲಿಲ್ಲ.

ಇಂಥ ಕಂಠಪ್ಪನವರು ಮೈಸೂರಿನಿಂದ ಜವಳಿ ಗಂಟು ತರುತ್ತಿದ್ದಾಗ ಬಸ್ಸಿನಲ್ಲಿ ಪಕ್ಕಕ್ಕೆ ಬನ್ನೂರು ಕಡೆಯ ಕುರಿ ವ್ಯಾಪಾರಿಯೊಬ್ಬ ಬಂದು ಕೂತ. ಬೇರೆ ದಿನವಾಗಿದ್ದರೆ ವ್ಯಾಪಾರಿ ಕೇಳುತ್ತಿದ್ದ, ಕಂಠಪ್ಪನವರು ಹೇಳುತ್ತಿದ್ದರು. ಆದರೆ ಆ ದಿನ ಕಂಠಪ್ಪನವರ ದವಡೆ ಹಲ್ಲು ಬಾತು ಕೆನ್ನೆ ತೆಂಗಿನಕಾಯಿಯಷ್ಟಾಗಿತ್ತು. ಹೀಗಾಗಿ ಹುಟ್ಟಿದಂದಿನಿಂದ ಮೊದಲ ಬಾರಿಗೆ ಅವರು ಇನ್ನೊಬ್ಬರು ಹೇಳಿದ್ದನ್ನು ಕೊನೆಯವರೆಗೆ ಕೇಳಿಸಿಕೊಂಡರು. ತಾಲ್ಲೂಕು ಪಟ್ಟಣ ಕೋಟೆ ಬರುವ ಹೊತ್ತಿಗೆ ಬನ್ನೂರು ಕುರಿಯ ಮೂಗಿನಿಂದ ಬಾಲದವರೆಗೆ ಎಲ್ಲವೂ ಅವರ ತಲೆಯೊಳಗೆ ಭದ್ರವಾಗಿ ಇಳಿದಿತ್ತು.

ಹಲ್ಲುನೋವು ವಾಸಿಯಾದ ಬೆಳಿಗ್ಗೆಯೇ ಅದು ಹೊರಗೆ ಬಂತು.

ಬಸ್ ಸ್ಟ್ಯಾಂಡಿನ ಕಾಫಿ ಹೋಟೆಲಿನಲ್ಲಿ ಪಕ್ಕದ ಹಳ್ಳಿಯ ಒಕ್ಕಲಿಗರ ತಿಮ್ಮಯ್ಯ ಕೂತು, “ಮಗನ ಮದ್ವೆ ಆಯ್ತು. ಬೀಗರೂಟಕ್ಕೆ ಒಂದು ಒಳ್ಳೆ ಟಗರು ನೋಡ್ಬೇಕು ಕಣ್ಲಾ” ಎಂದು ಎದುರು ಬೆಂಚಿನವನಿಗೆ ಹೇಳುತ್ತಿದ್ದ. ಕಂಠಪ್ಪನವರು ಮೂರು ಬೆಂಚು ಆಚೆಯಿಂದ ತಿರುಗಿದರು.

“ಟಗರು ಅಂದ್ರೆ ಯಾವ ಟಗರು ತಿಮ್ಮಯ್ಯ? ದಾರೀಲಿ ಸಿಕ್ಕಿದ್ದನ್ನ ಹಿಡ್ಕೊಂಡು ಬಂದು ಬೀಗರ ಮುಂದೆ ಮಾನ ಕಳ್ಕೋಬೇಡ. ತಂದ್ರೆ ಬನ್ನೂರು ಟಗರು ತರ್ಬೇಕು.”

“ಅದೆಂಗಿರ್ತದೆ ಕಂಠಪ್ಪೋರೇ?”

ಕಂಠಪ್ಪನವರು ಕಾಫಿ ಲೋಟ ಕೆಳಗಿಟ್ಟು ಎದ್ದೇ ನಿಂತರು. “ಮೋಟು ಕಾಲು. ಹೊಟ್ಟೆಗೂ ನೆಲಕ್ಕೂ ಒಂದು ಗೇಣು. ಹಿಂದ್ಗಡೆ ನಿಂತು ನೋಡು, ಬೋರಲು ಹಾಕಿದ ಕುದುರೆ ಲಾಳ! ಅಷ್ಟು ತುಂಬಿಕೊಂಡಿರುತ್ತೆ. ಕೊಂಬಿಲ್ಲ. ಹೆಣ್ಣಿಗೂ ಇಲ್ಲ, ಗಂಡಿಗೂ ಇಲ್ಲ. ಮೈ ಬಿಳುಪು, ಮುಖ ಮಾತ್ರ ಬೆಲ್ಲದ ಪಾಕ ಎರಚಿದ ಹಾಗೆ ಕಂದು. ಕಿವಿ ವೀಳ್ಯದೆಲೆ ಥರ ಜೋತಿರುತ್ತೆ. ಕೊರಳ ಕೆಳಗೆ ಎರಡು ಗುಂಡು, ಹೆಂಗಸರ ಲೋಲಾಕು ನೇತಾಡಿದ ಹಾಗೆ.”

ಹೋಟೆಲಿನವನು ದೋಸೆ ತಿರುವುವುದನ್ನು ಬಿಟ್ಟು ಕೇಳುತ್ತಿದ್ದ. ಕಂಠಪ್ಪನವರು ಅಲ್ಲೇ ನಿಲ್ಲಿಸಬಹುದಿತ್ತು. ದೋಸೆ ಸೀದ ವಾಸನೆ ಬರತೊಡಗಿದ್ದರಿಂದ ನಿಲ್ಲಿಸಲು ಕಾರಣವೂ ಇತ್ತು.

“ಇನ್ನು ಮಾಂಸ! ಮಾಂಸ ಅಲ್ಲ ಕಣಯ್ಯಾ ಅದು, ಬೆಣ್ಣೆ. ಕೊಬ್ಬು ಬೇರೆ ಮಾಂಸ ಬೇರೆ ಅಂತಿಲ್ಲ, ಬನಾರಸ್ ಸೀರೇಲಿ ಜರಿ ನೇಯ್ದ ಹಾಗೆ ಎಳೆ ಎಳೆಯಾಗಿ ಸೇರ್ಕೊಂಡಿರುತ್ತೆ. ಬಾಯಲ್ಲಿಟ್ಟರೆ ಕರಗುತ್ತೆ!”

ಹೋಟೆಲಿನಲ್ಲಿ ಕಾಫಿ ಹೀರುವ ಸದ್ದು ನಿಂತಿತು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿದ್ದ ಕಂಠಪ್ಪನವರನ್ನು ಎಲ್ಲರೂ ಮೇಲಿಂದ ಕೆಳಕ್ಕೆ ನೋಡಿದರು. ಅವರ ಮನೆಯಲ್ಲಿ ಮೊಟ್ಟೆ ಎಂಬ ಪದವನ್ನೇ ಆಡುತ್ತಿರಲಿಲ್ಲ. ಆಡಲೇಬೇಕಾಗಿ ಬಂದರೆ ‘ಅದು’ ಎನ್ನುತ್ತಿದ್ದರು.

ತಿಮ್ಮಯ್ಯ ಬಹಳ ವಿನಯದಿಂದ ಕೇಳಿದ: “ಯಾರ ಬಾಯಲ್ಲಿ, ಕಂಠಪ್ಪೋರೇ?”

ಕಂಠಪ್ಪನವರು ಬಾಯಿ ತೆರೆದರು. ಗೊತ್ತಿಲ್ಲ ಎಂಬ ಮಾತು ಆ ಬಾಯಿಗೆ ಅಭ್ಯಾಸವಿರಲಿಲ್ಲ. “ಹುಲ್ಲು! ನಾನು ಹೇಳಿದ್ದು ಹುಲ್ಲು! ಕುರಿ ಬಾಯಲ್ಲಿ ಹುಲ್ಲು ಕರಗುತ್ತೆ!” ಎಂದರು.

ಅವರು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿ, ಉಸಿರು ಸುಧಾರಿಸಿಕೊಂಡು, ಇನ್ನಷ್ಟು ದಪ್ಪವಾಗಿತ್ತು. ಬಾಗಿಲಲ್ಲಿ ಹೆಂಡತಿ ಸರ್ವಮಂಗಳ ತಾಮ್ರದ ಚೊಂಬು ಹಿಡಿದು ನಿಂತಿದ್ದಳು.

“ಹೊಸಲು ದಾಟಬೇಡಿ. ಮೊದಲು ಬಾಯಿ ಮುಕ್ಕಳಿಸಿ.”

“ಯಾಕೆ?”

“ಏನು ಕರಗಿದೆಯೋ ಅದೆಲ್ಲ ಹೊರಗೇ ಉಗೀರಿ.”

“ಲೇ, ನಾನು ಕಂಡೋನಲ್ಲ, ತಿಂದೋನಲ್ಲ ಕಣೇ! ಬಸ್ಸಲ್ಲಿ ಯಾರೋ ಹೇಳಿದ್ದು!”

“ಯಾರೋ ಹೇಳಿದ್ದನ್ನ ನೀವು ಯಾವತ್ತು ಕೇಳಿಸ್ಕೊಂಡಿದ್ದೀರಿ? ಮದುವೆಯಾಗಿ ಇಷ್ಟು ವರ್ಷವಾಯ್ತು, ನಾನು ಹೇಳಿದ್ದು ಒಂದು ಕೇಳಿಸಿದೆಯಾ?”

ಈ ಪ್ರಶ್ನೆಗಿಂತ ಭಯಂಕರವಾದದ್ದು ಪಕ್ಕದ ಮನೆಯ ಗೋಡೆಯ ಮೇಲಿತ್ತು. ಅಲ್ಲಿ ಚಿಕ್ಕಬಸಮ್ಮನ ತಲೆ ಕಾಣಿಸಿತು. ಈ ಚಿಕ್ಕಬಸಮ್ಮನಿಗೆ ಕೃಷ್ಣರಾಜನಗರದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಮಹದೇವಯ್ಯ ಎಂಬ ಅಣ್ಣನಿದ್ದ. ಆ ಮಹದೇವಯ್ಯನವರ ಮಗನಿಗೇ ಕಂಠಪ್ಪನವರ ಒಬ್ಬಳೇ ಮಗಳು ನೀಲಾಂಬಿಕೆಯನ್ನು ಕೊಡುವುದೆಂದು ಎಲೆ ಅಡಿಕೆ ಬದಲಾಯಿಸಿ ಆಗಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಮುಹೂರ್ತ ಇಡುವುದೊಂದೇ ಬಾಕಿ.

ಮಹದೇವಯ್ಯನವರ ಆಚಾರ ನಾಲ್ಕು ತಾಲ್ಲೂಕಿಗೆ ಪ್ರಸಿದ್ಧವಾಗಿತ್ತು. ಮಂಡಿಯ ಮುಂದೆ ಕೋಳಿಯೊಂದು ಹಾದುಹೋದರೆ ಬಾಗಿಲಿಗೆಲ್ಲ ಗಂಜಲ ಚಿಮುಕಿಸಿ, ಆ ಕೋಳಿಯ ಯಜಮಾನ ಬೆಲ್ಲ ಕೇಳಲು ಬಂದರೆ ದೂರದಿಂದ ಎಸೆಯುತ್ತಿದ್ದರು. ಬೆಲ್ಲ ಕೊಳ್ಳಲು ಆಗಾಗ ಬನ್ನೂರು, ಮಳವಳ್ಳಿ ಕಡೆಗೆ ಹೋಗಿ ಒಂದೆರಡು ದಿನವಿದ್ದು ಬರುತ್ತಿದ್ದರಲ್ಲ, ಆಗ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುತ್ತಿದ್ದರಂತೆ.

“ಕಂಠಣ್ಣಾ,” ಎಂದಳು ಗೋಡೆಯ ಮೇಲಿನ ಚಿಕ್ಕಬಸಮ್ಮ, “ಏನೋ ಕರಗಿತಂತಲ್ಲ?”

“ಅಕ್ಕಾ, ಅದು ಹಾಗಲ್ಲ. ನಾನು ಕುರಿ ಸಾಕೋಣ ಅಂತ ವಿಚಾರಿಸ್ತಿದ್ದೆ. ಸಾಕೋರು ತಳಿ ಗುಣ ತಿಳ್ಕೋಬೇಕಲ್ಲ? ಅದಕ್ಕೆ.”

“ಹಂಗಾದ್ರೆ ಕುರಿ ಎಲ್ಲಿ?”

“ಬರ್ತಾ ಇದೆ ಅಕ್ಕಾ. ದಾರೀಲಿದೆ.”

ಹೀಗೆ, ದಾರಿಯಲ್ಲಿರುವ ಕುರಿಯನ್ನು ತರುವುದಕ್ಕಾಗಿ ಕಂಠಪ್ಪನವರು ಮುಂದಿನ ಸಂತೆಗೆ ಕೋಟೆಗೆ ಹೋದರು. ಜೊತೆಗೆ ತಿಮ್ಮಯ್ಯ. ಬೇರೆ ಯಾರನ್ನು ಕರೆದರೂ ಯಾಕೆಂದು ಕೇಳುತ್ತಿದ್ದರು. ತಿಮ್ಮಯ್ಯ ಆಗಲೇ ಕೇಳಿ ಮುಗಿಸಿದ್ದ.

ಸಂತೆಯಲ್ಲಿ ಪುಣ್ಯಕ್ಕೆ ಬನ್ನೂರಿನ ಟಗರೊಂದಿತ್ತು. ವ್ಯಾಪಾರಿ ಹೇಳಿದ ಲಕ್ಷಣಗಳೆಲ್ಲ ಒಂದೂ ತಪ್ಪದೆ ಇದ್ದವು: ಮೋಟು ಕಾಲು, ಕಂದು ಮುಖ, ಜೋತ ಕಿವಿ, ಲೋಲಾಕು. ಕಂಠಪ್ಪನವರು ತೃಪ್ತಿಯಿಂದ ಮುಂದೆ ಹೋಗಿ, ಅಭ್ಯಾಸಬಲದಿಂದ, ಅದರ ತುಪ್ಪಟವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಧೋತರದ ಅಂಚನ್ನು ಉಜ್ಜಿ ನೋಡುವಂತೆ ಉಜ್ಜಿದರು. ಆಮೇಲೆ ಬೆಳಕಿಗೆ ಹಿಡಿಯಲು ನೋಡಿದರು. ಟಗರು ಒಪ್ಪಲಿಲ್ಲ.

ಮಾರುವವನು ತಿಮ್ಮಯ್ಯನ ಮುಖ ನೋಡಿದ. ತಿಮ್ಮಯ್ಯ ನಕ್ಕೂ ನಕ್ಕೂ ಟವೆಲಿನಿಂದ ಕಣ್ಣೊರೆಸಿಕೊಂಡ.

“ಕಂಠಪ್ಪೋರೇ, ಜವಳಿ ಅಲ್ಲ ಅದು. ಇಲ್ನೋಡಿ.” ಅವನ ಕೈ ಟಗರಿನ ಬೆನ್ನ ಮೇಲೆ, ಕೊನೆಯ ಪಕ್ಕೆಲುಬು ದಾಟಿ, ಸೊಂಟದ ಮೇಲೆ ಇಳಿಯಿತು. ಹೆಬ್ಬೆರಳು ಈಚೆ, ನಾಲ್ಕು ಬೆರಳು ಆಚೆ. ಮೆಲ್ಲಗೆ ಒತ್ತಿದ. “ಮೂಳೆ ಕೈಗೆ ಸಿಕ್ರೆ ಬಡಕಲು. ಸಿಗ್ದಿದ್ರೆ ತುಂಬೈತೆ. ಕಣ್ಣಲ್ಲಿ ನೋಡಾದಲ್ಲ ಇದು. ತಿಂದು ರುಚಿ ಕಂಡೋನ ಕೈ ತಾನಾಗೇ ಅಲ್ಲಿಗೆ ಓಯ್ತದೆ, ಯೋಳ್ಕೊಡಂಗೇ ಇಲ್ಲ. ನಿಮ್ ಕೈ ನೋಡಿದ್ರೇ ಗೊತ್ತಾಯ್ತದೆ, ನೀವು ತಿಂದೋರಲ್ಲ ಬುಡಿ.”

ಕಂಠಪ್ಪನವರ ಕಣ್ಣಲ್ಲಿ ನೀರು ಬಂತು. “ತಿಮ್ಮಯ್ಯ, ಇದೊಂದು ಮಾತು ನೀನು ಊರಲ್ಲಿ ಹೇಳಯ್ಯಾ!”

“ಯೋಳ್ಬೋದಾಗಿತ್ತು,” ಎಂದ ತಿಮ್ಮಯ್ಯ, ಬಹಳ ಯೋಚಿಸಿ. “ಆದ್ರೆ ಆಮೇಲೆ ಓಟ್ಲಲ್ಲಿ ಮಾತಾಡಕೆ ಏನೈತೆ?”

ಟಗರು ಮನೆಗೆ ಬಂದರೆ ಬಾಯಿಗಳು ಮುಚ್ಚುತ್ತವೆ ಎಂದು ಕಂಠಪ್ಪನವರು ತಿಳಿದಿದ್ದರು. ಟಗರು ಬಂದ ದಿನದಿಂದ ಬಾಯಿಗಳು ಹೆಚ್ಚಿದವು. ಮಾತಿಗೆ ಮಾತ್ರ ಸಿಕ್ಕುತ್ತಿದ್ದ ಅಪರಾಧ ಈಗ ಜಗಲಿಯ ಕಂಬಕ್ಕೆ ಕಟ್ಟಿಸಿಕೊಂಡು ಹುರುಳಿ ತಿನ್ನುತ್ತಿತ್ತು. ಅಣ್ಣನಿಗೆ ಚಿಕ್ಕಬಸಮ್ಮ ಹೇಳಿ ಕಳಿಸಿದಳು. ಮಹದೇವಯ್ಯನವರು ಮುಂದಿನ ಬಸ್ಸಿಗೇ ಬಂದು ಜಗಲಿಯ ಮೇಲೆ ಚಾಪೆ ಹಾಕಿಸಿಕೊಂಡು ಕೂತರು. ಕೂದಲೆಳೆ ಅಲುಗದ ಮನುಷ್ಯ; ಕೋಲಿನಂತೆ ಬೆನ್ನು. ಬೀದಿಯ ಅರ್ಧ ಜನ ಎದುರು ಅರಳಿಕಟ್ಟೆಯ ಮೇಲೆ ಸೇರಿದರು. ತಿಮ್ಮಯ್ಯ ಯಾವುದೋ ಹಚ್ಚಡದ ಬೆಲೆ ಕೇಳುವ ನೆಪದಲ್ಲಿ ಬಂದು ಮುಂದಿನ ಸಾಲಿನಲ್ಲೇ ಕೂತ.

“ಬೀಗರೇ,” ಎಂದರು ಮಹದೇವಯ್ಯ, “ಈ ಪ್ರಾಣೀನ ಯಾತಕ್ಕೆ ಸಾಕಿದ್ದೀರಿ?”

“ಉಣ್ಣೆಗೆ ಬೀಗರೇ! ನಾನು ಜವಳಿ ವ್ಯಾಪಾರಿ. ಕಂಬಳಿ ನೇಯಿಸೋಣ ಅಂತ.”

“ಬನ್ನೂರು ಕುರೀಲಿ ಉಣ್ಣೆ ಎಲ್ಲೈತೆ ಬುದ್ಧೀ?” ಎಂದು ಕಟ್ಟೆಯಿಂದ ತಿಮ್ಮಯ್ಯ ಸಹಾಯಕ್ಕೆ ಬಂದ. “ಅದು ಬರೀ ಒರಟು ಕೂದ್ಲು. ಅದರಲ್ಲಿ ಕಂಬಳಿ ನೇದ್ರೆ ಒದ್ಕಂಡೋನು ರಾತ್ರಿಯೆಲ್ಲ ಕೆರ್ಕೋತಾ ಕೂತ್ಕಬೇಕು.”

“ಕಾಳಗಕ್ಕೆ!” ಎಂದರು ಕಂಠಪ್ಪನವರು. “ಟಗರಿನ ಕಾಳಗಕ್ಕೆ ಬಿಡೋಣ ಅಂತ.”

“ಕೊಂಬೆಲ್ಲಿ?” ಎಂದಿತು ಅರಳಿಕಟ್ಟೆ, ಒಟ್ಟಾಗಿ.

“ಗೊಬ್ಬರಕ್ಕೆ...”

“ನಿಮಗೆ ಒಲ ಎಲ್ಲಿ ಕಂಠಪ್ಪೋರೇ? ಅಂಗಡಿಗೆ ಗೊಬ್ಬರ ಆಕ್ತೀರಾ?”

“ಅಲ್ಲಾ, ಜೊತೇಲಿ ಹಾಗೇ ಸುತ್ತಾಡೋಕೆ...” ಎಂದು ಕಂಠಪ್ಪನವರು ಟಗರಿನ ಕಾಲು ನೋಡಿದರು. ಅಷ್ಟು ಮೋಟು ಕಾಲಿನಲ್ಲಿ ಅದನ್ನು ಜಗಲಿ ಇಳಿಸುವುದಕ್ಕೇ ಎತ್ತಿಕೊಳ್ಳಬೇಕಾಗಿತ್ತು. ಸರ್ವಮಂಗಳ ಒಳಗಿನಿಂದ, “ಹಾಲಿಗೆ ಅಂತ ಮಾತ್ರ ಹೇಳಬೇಡಿ” ಎಂದು ಪಿಸುಗುಟ್ಟಿದಳು.

ದೇವರು ಬೇರೆ ಕುರಿಗಳಿಗೆ ನಾಲ್ಕಾರು ಉಪಯೋಗ ಇಟ್ಟಿದ್ದಾನೆ. ಬನ್ನೂರು ಕುರಿಯನ್ನು ಮಾಡುವಾಗ ಉಣ್ಣೆ ಕಳೆದ, ಕೊಂಬು ಕಳೆದ, ಕಾಲು ಕತ್ತರಿಸಿದ, ಮಿಕ್ಕಿದ ಸಾಮಾನೆಲ್ಲ ಸೊಂಟಕ್ಕೆ ತುಂಬಿದ. ಸರಗೂರಿನ ಅರ್ಧ ಬೀದಿ ಅಂದು ಆ ಸೊಂಟವನ್ನು ನೋಡುತ್ತ ಕೂತಿತ್ತು.

ಮಹದೇವಯ್ಯನವರು ಕೊನೆಗೆ, “ನೀವು ತಿಂದಿಲ್ಲ ಅಂತೀರಿ. ಸರಿ. ಇದನ್ನ ತಿನ್ನೋದೂ ಇಲ್ಲ ಅಂತ ನನಗೆ ಗೊತ್ತಾಗೋದು ಹೇಗೆ? ಮದುವೆ ದಿನ ಈ ಟಗರು ಜೀವಸಹಿತ ಚಪ್ಪರದ ಕೆಳಗೆ ನಿಂತಿರಲಿ. ಮಾರಿದೆ, ದಾನ ಕೊಟ್ಟೆ, ಕಳೆದುಹೋಯ್ತು, ಇದ್ಯಾವುದೂ ಬೇಡ. ಟಗರು ಇದ್ರೆ ಸಂಬಂಧ. ಇಲ್ಲಾಂದ್ರೆ ಸಂಬಂಧಾನೂ ಇಲ್ಲ, ಅದು ಎಲ್ಲಿ ಹೋಯ್ತು ಅಂತ ನಾನು ಕೇಳೋದೂ ಇಲ್ಲ” ಎಂದು ಎದ್ದರು. ಹೊರಡುವಾಗ ಹಿಂದೆ ಸರಿದು ನಿಂತು ಟಗರನ್ನು ಹಿಂಬದಿಯಿಂದಲೂ ಒಮ್ಮೆ ನೋಡಿದರು. ಆಚಾರವಂತರು ಎಷ್ಟು ಕೂಲಂಕಷವಾಗಿ ತಪಾಸಣೆ ಮಾಡುತ್ತಾರೆ ಎಂದು ಜನ ಮೆಚ್ಚಿಕೊಂಡರು.

ಅಂದಿನಿಂದ ಆ ಮನೆಯಲ್ಲಿ ಅಳಿಯನಿಗೆ ಎತ್ತಿಟ್ಟಿದ್ದ ಮರ್ಯಾದೆಯೆಲ್ಲ ಟಗರಿಗೆ ಸಂದಾಯವಾಯಿತು. ನೆನೆಸಿದ ಹುರುಳಿ, ಹಲಸಿನ ಸೊಪ್ಪು, ಬಿಸಿನೀರಿನ ಸ್ನಾನ. ಅದು ಕೆಮ್ಮಿದರೆ ಕಂಠಪ್ಪನವರು ಅಂಗಡಿ ಮುಚ್ಚಿ ಓಡಿ ಬರುತ್ತಿದ್ದರು. ಬಿಸಿಲು ಬಿದ್ದರೆ ಜಗಲಿಗೆ ನವಿರಾದ ಮಲ್ ಬಟ್ಟೆಯ ಪರದೆ ಇಳಿಯುತ್ತಿತ್ತು. ಊರಿನ ಗಿರಾಕಿಗಳಿಗೆ ತೋರಿಸಲೂ ಹಿಂಜರಿಯುತ್ತಿದ್ದ ಮೇಲು ತರದ ಮಲ್ ಅದು. ನೀಲಾಂಬಿಕೆ ಅದಕ್ಕೆ ಬುಟ್ಟಿಯಲ್ಲಿ ಸೊಪ್ಪು ಹಿಡಿದು, “ಅಪ್ಪಾಜಿ, ನಿಶ್ಚಯ ಆಗಿರೋದು ನನಗೋ, ಇದಕ್ಕೋ?” ಎಂದು ಕೇಳಿದಳು.

“ಇದು ನೆಟ್ಟಗಿದ್ರೆ ನಿನಗೆ ಕಣಮ್ಮಾ” ಎಂದರು ಕಂಠಪ್ಪನವರು, ತಮಾಷೆಯಿಲ್ಲದೆ. ಅವಳೂ ತಮಾಷೆ ಬಿಟ್ಟು ಸೊಪ್ಪು ಹೆಚ್ಚು ಹಾಕಿದಳು. ಹುಡುಗ ಅವಳಿಗೆ ನಿಜವಾಗಿಯೂ ಹಿಡಿಸಿದ್ದ.

ಸರ್ವಮಂಗಳ ಇನ್ನೊಂದು ಉಪಾಯ ಹೂಡಿದಳು. ಇದು ಶೈವರ ಮನೆಯ ಟಗರು, ಬೇರೆ ಯೋಚನೆ ಬೇಡ ಎಂದು ದಾರಿಹೋಕರಿಗೆ ತಿಳಿಯಲಿ ಅಂತ ಬೆಳಿಗ್ಗೆ ಸ್ನಾನವಾದ ಮೇಲೆ ಅದರ ಹಣೆಗೆ ವಿಭೂತಿ ಹಚ್ಚಿ ಕೊರಳಿಗೆ ಚೆಂಡುಹೂವು ಹಾಕಿದಳು. ಉಪಾಯ ಚೆನ್ನಾಗಿತ್ತು. ಆದರೆ ಆ ಸೀಮೆಯಲ್ಲಿ ಟಗರಿಗೆ ಸ್ನಾನ ಮಾಡಿಸಿ ಹಣೆಗೆ ಹಚ್ಚಿ ಹಾರ ಹಾಕುವುದು ಒಂದೇ ಸಂದರ್ಭದಲ್ಲಿ, ಅದಾದ ಮೇಲೆ ಬಹಳ ಹೊತ್ತು ಆ ಟಗರು ಹಾರ ಹಾಕಿಕೊಂಡು ನಿಂತಿರುವುದಿಲ್ಲ. ಮಧ್ಯಾಹ್ನದೊಳಗೆ ಮನೆಯ ಮುಂದೆ ಹಳ್ಳಿಯವರ ಸಣ್ಣ ಗುಂಪು ಸೇರಿತು. ಒಬ್ಬ ಪಾತ್ರೆಯನ್ನೂ ತಂದಿದ್ದ.

“ಎಷ್ಟೊತ್ಗೆ ಅಮ್ಮಾವ್ರೇ?” ಎಂದು ಕೇಳಿದ.

ಸರ್ವಮಂಗಳ ಹಾರ ಕಿತ್ತು ಒಳಗೆ ಹೋದಳು. ಟಗರು ಹಾರದ ಮಿಕ್ಕ ಹೂವು ತಿಂದಿತು.

ಇಷ್ಟರಲ್ಲಿ ಕಂಠಪ್ಪನವರು ಕುರಿಯ ಮಹಾ ಪಂಡಿತರೆಂಬ ಕೀರ್ತಿ ಸರಗೂರು ದಾಟಿ ಹುಣಸೂರು ಮುಟ್ಟಿತ್ತು. ಒಂದು ದಿನ ನಂಜುಂಡಸ್ವಾಮಿ ಎಂಬ ಇನ್ಸ್‌ಪೆಕ್ಟರು, ದನ ಕುರಿಗಳ ಯೋಗಕ್ಷೇಮ ನೋಡುವ ಸರ್ಕಾರಿ ನೌಕರ, ಖಾಕಿ ಚಡ್ಡಿಯಲ್ಲಿ ಸೈಕಲ್ ತುಳಿದುಕೊಂಡು ಬಂದರು. ಬಡಕಲು ಮೈ, ಭಾರಿ ಉತ್ಸಾಹ. ಟಗರನ್ನು ಕಂಡವರೇ ಸೈಕಲನ್ನು ಕೈಬಿಟ್ಟರು. ಅದು ಮೋರಿಗೆ ಬಿತ್ತು.

“ಹುಣಸೂರಲ್ಲಿ ದೊಡ್ಡ ಪ್ರದರ್ಶನ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಾಲ್ಕು ತಾಲ್ಲೂಕೂ ಸೇರುತ್ತೆ. ದನ, ಕುರಿ, ಕಬ್ಬು, ಬೆಲ್ಲ ಎಲ್ಲ. ಈ ಟಗರು ಬರಲೇಬೇಕು!”

“ಸಾಧ್ಯವೇ ಇಲ್ಲ ಸ್ವಾಮಿ. ಇದು ಬೀದಿ ದಾಟೋ ಹಾಗಿಲ್ಲ.”

“ನಿಮ್ಮಂಥ ತಳಿ ತಜ್ಞರು ಹೀಗಂದ್ರೆ ಹೇಗೆ?”

ತಜ್ಞ ಎಂಬ ಮಾತು ಕಂಠಪ್ಪನವರ ಕಿವಿಯೊಳಗೆ ಹೋಗಿ ಅಲ್ಲೇ ಜಮಖಾನ ಹಾಸಿಕೊಂಡು ಕೂತಿತು. ಅವರು ಟಗರಿನ ಹಿಂದೆ ಹೋಗಿ ನಿಂತು ಕೇಳಿದರು: “ಬೆನ್ನಿನ ಆಕಾರ ಗಮನಿಸಿದಿರಾ ಇನ್ಸ್‌ಪೆಕ್ಟರೇ? ಬೋರಲು ಹಾಕಿದ ಕುದುರೆ ಲಾಳ.”

ಒಳಗೆ ಸರ್ವಮಂಗಳ ಹಣೆ ಚಚ್ಚಿಕೊಂಡ ಸದ್ದು ಬೀದಿಗೆ ಕೇಳಿಸಿತು.

ಪ್ರದರ್ಶನದ ದಿನ ಟಗರನ್ನು ಬಸ್ಸಿನ ಒಳಗೆ ಕೂರಿಸಲು ಕಂಡಕ್ಟರ್ ಒಪ್ಪಲಿಲ್ಲ. ಕಂಠಪ್ಪನವರು ಅದರ ಜೊತೆಗೆ ತಾವೂ ಬಸ್ಸಿನ ಮೇಲೆ ಹತ್ತಿ, ಪಂಚೆ ಸೊಂಟಕ್ಕೆ ಸಿಕ್ಕಿಸಿ, ಅದರ ಕೊರಳು ತಬ್ಬಿ ಕೂತರು. ಒಳಗೆ ಕಿಟಕಿಯಲ್ಲಿ ಸರ್ವಮಂಗಳ, ನೀಲಾಂಬಿಕೆ, ಮತ್ತು ‘ಸುಮ್ಮನೆ ನೋಡಿಕೊಂಡು ಬರುತ್ತೇನೆ’ ಎಂದು ಚಿಕ್ಕಬಸಮ್ಮ. ತಿಮ್ಮಯ್ಯ ಬಿಟ್ಟುಹೋಗುವ ಗಿರಾಕಿಯಲ್ಲ. ದಾರಿಯುದ್ದಕ್ಕೂ ಬಸ್ಸು ನಿಂತ ಕಡೆಯೆಲ್ಲ ಜನ ತಲೆಯೆತ್ತಿ ವಿಭೂತಿಯ ಮನುಷ್ಯನನ್ನೂ ತೋಳಲ್ಲಿದ್ದ ಟಗರನ್ನೂ ನೋಡಿ, “ಯಾವೂರ್ಗೆ ಸ್ವಾಮಿ ಬೀಗರೂಟ?” ಎಂದು ಕೇಳಿದರು. ಮೊದಮೊದಲು ಕಂಠಪ್ಪನವರು ವಿವರಿಸಿದರು. ಹುಣಸೂರು ಹತ್ತಿರವಾದಾಗ ಗಂಟಲು ಕಟ್ಟಿ, ಬೆಲೆಯಿಲ್ಲದ ತಮ್ಮ ಮಾತಿನ ಬದಲು ಟಗರಿಗೇ ಉತ್ತರ ಹೇಳಲು ಬಿಟ್ಟರು. ಅದು ಪ್ರತಿಸಲವೂ ‘ಬ್ಯಾ’ ಎಂದಿತು.

ಮೈದಾನದಲ್ಲಿ ಜನವೋ ಜನ. ಇರುವೆ ಕಾಲೂರಲು ಜಾಗವಿಲ್ಲದೆ ಇರುವೆಗಳೆಲ್ಲ ಆ ದಿನ ಪಿರಿಯಾಪಟ್ಟಣಕ್ಕೆ ಹೋಗಿದ್ದವು. ಒಂದು ಕಡೆ ಹಳ್ಳಿಕಾರ್ ಹೋರಿಗಳು, ಒಂದು ಕಡೆ ಆಳೆತ್ತರದ ಕಬ್ಬು. ಬೆಲ್ಲದ ವಿಭಾಗದಲ್ಲಿ ಅಚ್ಚುಗಳ ಗೋಪುರ ಕಟ್ಟಿಸಿ, ಕೋಲಿನಂತೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದವರು ಸಾಕ್ಷಾತ್ ಮಹದೇವಯ್ಯ. ಕಂಠಪ್ಪನವರು ಟಗರನ್ನು ಸೀರೆಯಂತೆ ಮಡಚಿ ಬಗಲಲ್ಲಿಟ್ಟುಕೊಳ್ಳಲು ಸಾಧ್ಯವೇ ಎಂದು ನೋಡಿದರು. ಆಗಲಿಲ್ಲ. ಮಹದೇವಯ್ಯ ಕಂಡೇ ಬಿಟ್ಟರು. “ಏನೂ ಇಲ್ಲ ಬೀಗರೇ, ಟಗರಿಗೆ ಊರು ತೋರಿಸೋಣ ಅಂತ” ಎಂದರು ಕಂಠಪ್ಪನವರು. ಮಹದೇವಯ್ಯ ಹುಬ್ಬು ಕೂಡ ಎತ್ತಲಿಲ್ಲ. ಆ ಹುಬ್ಬು ಎತ್ತಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ಬಹುಮಾನ ಹಂಚಿಕೆ. ನಂಜುಂಡಸ್ವಾಮಿಯವರ ಉತ್ಸಾಹಕ್ಕೆ ಅಂದು ಧ್ವನಿವರ್ಧಕವೂ ಸೇರಿತ್ತು. ಹೋರಿ ಆಯಿತು, ಎಮ್ಮೆ ಆಯಿತು, ಕೊನೆಗೆ ಕುರಿ. ಉಣ್ಣೆಯ ಕುರಿಗೆ ಬಹುಮಾನ ಕೊಟ್ಟು, ಅವರು ಉಸಿರೆಳೆದುಕೊಂಡು ಕೂಗಿದರು:

“ಮುಂದಿನದು ಮಾಂಸ! ಮಾಂಸದ ವಿಭಾಗದಲ್ಲಿ ನಾಲ್ಕು ತಾಲ್ಲೂಕಿಗೆ ಮೊದಲಿಗರು ನಮ್ಮ ಸರಗೂರಿನ ಶ್ರೀ ಕಂಠಪ್ಪನವರು! ಮಾಂಸದ ವಿಷಯದಲ್ಲಿ ಇವರನ್ನ ಮೀರಿಸೋರು ಈ ಸೀಮೇಲಿ ಯಾರೂ ಇಲ್ಲ! ದಯಮಾಡಿ ವೇದಿಕೆಗೆ ಬರಬೇಕು!”

ಆ ಕೂಗು ಲಕ್ಷ್ಮಣತೀರ್ಥದ ಆಚೆ ದಡಕ್ಕೆ ಹೋಗಿ, ಅಲ್ಲಿ ತೆಂಗಿನ ಮರಗಳಿಗೆ ತಗುಲಿ, ‘ಮಾಂಸ, ಕಂಠಪ್ಪ’ ಎಂದು ಹಿಂತಿರುಗಿ ಬಂತು. ಕಂಠಪ್ಪನವರು ವೇದಿಕೆ ಹತ್ತಿದ್ದು ಹೇಗೋ ಅವರಿಗೇ ಗೊತ್ತಿಲ್ಲ. ಕೈಗೆ ಬಹುಮಾನ ಬಂತು. ಅದೊಂದು ಹಿತ್ತಾಳೆ ಹಂಡೆ. ಇಬ್ಬರು ಆಳುಗಳು ಹಿಡಿದು ತಂದರು.

“ಇದರಲ್ಲಿ ಇಡೀ ಟಗರು ಒಂದೇ ಸಲಕ್ಕೆ ಬೇಯ್ತದೆ!” ಎಂದು ಗುಂಪಿನಿಂದ ಯಾರೋ ಅಭಿನಂದಿಸಿದರು. ದನಿ ತಿಮ್ಮಯ್ಯನದಾಗಿತ್ತು.

ಅವರು ಹಂಡೆಯನ್ನು ಉರುಳಿಸಿಕೊಂಡು ಟಗರಿನ ಗೂಟದ ಬಳಿ ಬರುವಾಗ ಎದುರಿಗೆ ಮಹದೇವಯ್ಯ ಬಂದರು. ಮುಖ ಕೆಂಪೇರಿತ್ತು, ಶಲ್ಯ ಜಾರಿತ್ತು, ಮೀಸೆ ನಡುಗುತ್ತಿತ್ತು. ಹಿಂದೆ ಚಿಕ್ಕಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಸರ್ವಮಂಗಳ ಕಣ್ಣು ಮುಚ್ಚಿದಳು. ನೀಲಾಂಬಿಕೆ ಟಗರಿನ ಹಗ್ಗ ಹಿಡಿದು ನಿಂತಲ್ಲೇ ನಿಂತಳು. ಅವಳ ಮದುವೆ ಆ ಹಗ್ಗದ ತುದಿಯಲ್ಲಿ ಹುಲ್ಲು ಮೆಲ್ಲುತ್ತಿತ್ತು.

“ಬೀಗರೇ...” ಎಂದು ಕಂಠಪ್ಪನವರು ಶುರುಮಾಡಿದರು.

“ಮಾತಾಡಬೇಡಿ! ನಾಲ್ಕು ತಾಲ್ಲೂಕಿನ ಜನದ ಮುಂದೆ! ಧ್ವನಿವರ್ಧಕದಲ್ಲಿ! ನಾಚಿಕೆ ಆಗ್ಬೇಕು!” ಮಹದೇವಯ್ಯನವರ ದನಿ ಏರಿತು. “ಇದಕ್ಕಾ? ಇದಕ್ಕಾ ಮೊದಲನೇ ಬಹುಮಾನ?”

ಅವರ ಬಲಗೈ ಮುಂದೆ ಬಂತು. ಕಣ್ಣು ಕಂಠಪ್ಪನವರ ಮೇಲೆಯೇ ಇತ್ತು, ಟಗರನ್ನು ನೋಡಲೇ ಇಲ್ಲ. ಕೈ ತಾನಾಗಿಯೇ ಟಗರಿನ ಬೆನ್ನ ಮೇಲೆ ಇಳಿದು, ಕೊನೆಯ ಪಕ್ಕೆಲುಬು ದಾಟಿ, ಸೊಂಟದ ಮೇಲೆ ನಿಂತಿತು. ಹೆಬ್ಬೆರಳು ಈಚೆ, ನಾಲ್ಕು ಬೆರಳು ಆಚೆ. ಮೆಲ್ಲಗೆ ಒತ್ತಿತು.

“ಯಾವ ಕುರುಡ ಕೊಟ್ಟೋನು ಇದಕ್ಕೆ ಬಹುಮಾನ? ಮೂಳೆ ಇನ್ನೂ ಕೈಗೆ ಸಿಗ್ತಾ ಇದೆ! ಬರೀ ಹುರುಳಿ ಹಾಕಿದ್ರೆ ಆಯ್ತಾ? ಕಡಲೇಕಾಯಿ ಹಿಂಡಿ ಹಾಕ್ಬೇಕು, ಕಟ್ಟಿ ಮೇಯಿಸ್ಬೇಕು. ಈಗ ಕೊಯ್ದರೆ ನಾರು, ಬರೀ ನಾರು! ಇನ್ನೊಂದೆರಡು ತಿಂಗಳು ಬಿಟ್ಟು ಕೊಯ್ದು ನೋಡಿ, ಆಹಾ, ಬಾಯಲ್ಲಿಟ್ಟರೆ...”

ಅಲ್ಲಿಗೆ ಮಹದೇವಯ್ಯನವರ ಮಾತು ನಿಂತಿತು.

ಧ್ವನಿವರ್ಧಕ ಗೊರಗೊರ ಎಂದು ತಾನೂ ನಿಂತಿತು. ಹಳ್ಳಿಕಾರ್ ಹೋರಿಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವು. ಚಿಕ್ಕಬಸಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಸರ್ವಮಂಗಳ ಇನ್ನೂ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದುದರಿಂದ ಏನನ್ನೂ ನೋಡಲಿಲ್ಲ, ಕೇಳಲೂ ಇಲ್ಲ. ತಿಮ್ಮಯ್ಯ ಕಂಠಪ್ಪನವರ ಕಡೆಗೆ ತಿರುಗಿ, ಎರಡೂ ಕೈ ಜೋಡಿಸಿ, ಕಣ್ಣಿನಲ್ಲೇ ಬೇಡಿಕೊಂಡ: ಕೇಳಿ ಸಾಮಿ, ಒಂದೇ ಒಂದ್ ಸಲ ಕೇಳಿ.

ಕೇಳಬೇಕಾದ ಮಾತು ಕಂಠಪ್ಪನವರ ನಾಲಗೆಯ ತುದಿಗೆ ಬಂದು ಕೂತಿತ್ತು. ‘ಯಾರ ಬಾಯಲ್ಲಿ, ಬೀಗರೇ?’ ಇಂಥ ಮಾತು ಮನುಷ್ಯನಿಗೆ ಜನ್ಮಕ್ಕೊಮ್ಮೆ ಸಿಗುತ್ತದೆ. ಕಂಠಪ್ಪನವರಂಥ ಮನುಷ್ಯನಿಗೆ ಅದನ್ನು ತಡೆಯುವುದೆಂದರೆ ತುಂಬಿದ ಕಪಿಲೆಯನ್ನು ಧೋತರದಿಂದ ಕಟ್ಟಿ ಹಾಕಿದಂತೆ. ಕೆನ್ನೆ ಉಬ್ಬಿತು. ಕಿವಿ ಕೆಂಪಾಯಿತು. ಬಸ್ಸಿನಲ್ಲಿ ಹಲ್ಲು ಬಾತ ದಿನಕ್ಕಿಂತ ಹೆಚ್ಚು ನೋವಾಯಿತು.

ನೀಲಾಂಬಿಕೆ ಹಗ್ಗವನ್ನು ಸ್ವಲ್ಪ ಎಳೆದು ಅಪ್ಪನನ್ನು ನೋಡಿದಳು. ಅಷ್ಟೇ.

ಆ ಮಾತು ಕಂಠಪ್ಪನವರ ಬಾಯಲ್ಲೇ ಕರಗಿತು.

“ಬಿಸಿಲು ಬಹಳ ಬೀಗರೇ,” ಎಂದರು ಅವರು. “ನೀರು ಮಜ್ಜಿಗೆ ತಂದಿದ್ದೇವೆ. ಕುಡೀತೀರಾ?”

ಮಹದೇವಯ್ಯನವರು ಟಗರಿನ ಮೇಲಿನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿ, ಶಲ್ಯದೊಳಗೆ ಮುಚ್ಚಿಟ್ಟರು. ಮಜ್ಜಿಗೆ ಕುಡಿದರು. ಇನ್ನೊಂದು ಲೋಟ ಕೇಳಿ ಕುಡಿದರು. ಆಮೇಲೆ ಎಲ್ಲೋ ನೋಡುತ್ತ, “ಮುಹೂರ್ತ ಮುಂದಿನ ತಿಂಗಳೇ ಇಟ್ಕೊಳ್ಳೋಣ ಬೀಗರೇ. ತಡ ಯಾತಕ್ಕೆ?” ಎಂದರು.

“ಟಗರು ಚಪ್ಪರದ ಕೆಳಗೆ...”

“ಮೂಕ ಪ್ರಾಣಿ, ಅದರ ಮಾತು ಈಗ್ಯಾಕೆ ಬುಡಿ” ಎಂದುಬಿಟ್ಟರು ಮಹದೇವಯ್ಯ. ಬಿಡಿ ಎನ್ನುವ ಜಾಗದಲ್ಲಿ ಬುಡಿ ಎಂದು ಅವರು ಆಡಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ಮದುವೆ ಸಾಂಗವಾಗಿ ನಡೆಯಿತು. ಬಹುಮಾನದ ಹಂಡೆಯಲ್ಲಿ ಶಾವಿಗೆ ಪಾಯಸ ಬೆಂದಿತು. ಟಗರು ಚಪ್ಪರದ ಕಂಬಕ್ಕೆ ಕಟ್ಟಿಸಿಕೊಂಡು ಮಾವಿನ ತೋರಣ ತಿಂದಿತು. ಚಿಕ್ಕಬಸಮ್ಮನ ಗೋಡೆ ಕಡೆಯ ಕಿವಿ ಆ ಪ್ರದರ್ಶನದ ದಿನದಿಂದ ಮಂದವಾಯಿತು. ತಿಮ್ಮಯ್ಯ ಮಾತ್ರ ಇವತ್ತಿಗೂ ಕಂಠಪ್ಪನವರನ್ನು ಕಂಡರೆ, “ಕೇಳ್ಬೋದಾಗಿತ್ತು ಕಣ್ ಬುಡಿ, ನೀವು ಕೇಳ್ಬೋದಾಗಿತ್ತು” ಎಂದು ತಲೆಯಾಡಿಸುತ್ತಾನೆ.

ಸೊಸೆಯ ತವರಿಗೆ ಮಾವ ಬರುವುದು ಅಪರೂಪ. ಮಹದೇವಯ್ಯನವರು ಬರುತ್ತಲೇ ಇದ್ದರು. ಬಂದವರು ಮೊದಲು ಹಿತ್ತಲಿಗೆ ಹೋಗಿ, ಮುದಿಯಾಗಿ ಪೀಪಾಯಿಯಷ್ಟು ದಪ್ಪಗಾದ ಟಗರಿನ ಸೊಂಟದ ಮೇಲೆ ಕೈಯಿಟ್ಟು, ಬಹಳ ಹೊತ್ತು ನಿಂತು, ಆಕಾಶ ನೋಡಿ ಒಂದು ನಿಟ್ಟುಸಿರು ಬಿಟ್ಟು ಒಳಗೆ ಬರುತ್ತಿದ್ದರು.

ಸರ್ವಮಂಗಳ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ ಗಂಡನಿಗೆ ಹೇಳಿದಳು: “ನೋಡಿದ್ರಾ? ಮೂಕ ಪ್ರಾಣಿ ಮೇಲೆ ನಮ್ಮ ಬೀಗರಿಗೆ ಎಷ್ಟು ಅಂತಃಕರಣ!”

ಕಂಠಪ್ಪನವರು ಬಾಯಿ ತೆರೆದರು. ಮತ್ತೆ ಮುಚ್ಚಿದರು.